ಕೊನೇ ಬೆಂಚಿನ ಕಾಮೆಂಟು

ನಮಗೆ ಬ್ಲಾಗ್ ಕಲಿಸಲು ಬಂದ ಹುಡುಗಿ ಮೊದಲ ದಿನವೇ, "ಯಾರೂ ಹೆದರ್ಕೋಬೇಡಿ, ಇಲ್ಲಿ ಏನು ತಪ್ಪು ಮಾಡಿದ್ರೂ ಸರಿ ಮಾಡ್ಬಹುದು" ಅಂದಳು. ನಾವು ಕಂಪ್ಯೂಟರ್ ಕೋಣೆಯಲ್ಲಿ, ಮಕ್ಕಳ ಕುರ್ಚಿಗಳಲ್ಲಿ, ಮಂಡಿ ಮಡಚಲಾಗದೆ ಕೂತಿದ್ದೆವು. ಕಂಡವರ ಮಕ್ಕಳ ತಪ್ಪು ಹುಡುಕಿ ಸಂಬಳ ತಿಂದವರು ನಾವು. ಆ ಮಾತು ನಮಗೆ ಅಷ್ಟಾಗಿ ರುಚಿಸಲಿಲ್ಲ.

ನಾನು ಗಣಿತದವಳು. ನನ್ನ ಮುಂದಿನ ಸಾಲಿನಲ್ಲಿ ಇತಿಹಾಸದ ಮೇಷ್ಟ್ರು ಕೂತಿದ್ದರು. ಮಕ್ಕಳು ಅವರಿಗೆ ಸಿಡಿಲು ಎಂದು ಹೆಸರಿಟ್ಟಿದ್ದರು. ಕೈ ಯಾವಾಗ ಬೀಳುತ್ತದೆಂದು ಗೊತ್ತಾಗುತ್ತಿರಲಿಲ್ಲ, ಬಿದ್ದ ಮೇಲೆ ಸದ್ದು ಕೇಳುತ್ತಿತ್ತು, ಅದಕ್ಕೆ ಆ ಹೆಸರು. ಈ ವರ್ಷ ಅವರ ನಿವೃತ್ತಿ. ಆದರೆ ಹೆಡ್ ಮೇಡಂ ಒಂದು ಆಸೆ ತೋರಿಸಿದ್ದರು: ಹಳೆಯ ವಿದ್ಯಾರ್ಥಿಗಳು ಮತ್ತೆ ಶಾಲೆಯ ಕಡೆ ತಿರುಗಿ ನೋಡುವಂಥ ಬ್ಲಾಗ್ ಮಾಡಿದರೆ ಇನ್ನೊಂದು ವರ್ಷ ಇಟ್ಟುಕೊಳ್ಳುತ್ತೇನೆ ಎಂದು. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಹಳೆಯ ವಿದ್ಯಾರ್ಥಿ ಸಿಡಿಲು ಮೇಷ್ಟ್ರನ್ನು ಹುಡುಕಿಕೊಂಡು ಬಂದದ್ದಿಲ್ಲ. ರಸ್ತೆಯಲ್ಲಿ ಕಂಡರೆ ಆಚೆ ಬದಿಗೆ ಹೋಗುವವರೇ ಎಲ್ಲ. ಮೇಷ್ಟ್ರಿಗೆ ಅದು ಗೊತ್ತಿತ್ತು. ಮನೆಯಲ್ಲಿ ಮಾತಾಡುವವರು ಯಾರೂ ಇರಲಿಲ್ಲ, ತರಗತಿ ಬಿಟ್ಟರೆ ಅವರಿಗೆ ಬೇರೆ ಜಾಗವಿರಲಿಲ್ಲ.

ಅವರ ಪಕ್ಕದಲ್ಲಿ, ಬಲಕ್ಕೆ, ಡ್ರಾಯಿಂಗ್ ಮೇಡಂ. ಬಂದು ಎರಡು ಮೂರು ವರ್ಷವಾಗಿತ್ತು. ಮಾತು ಕಡಿಮೆ, ಒಮ್ಮೊಮ್ಮೆ ಕರೆದರೂ ತಿರುಗುತ್ತಿರಲಿಲ್ಲ. "ಜಂಭ ನೋಡಿ, ಬಾಯಿಗೆ ಬೀಗ, ಕಿವಿಗೂ ಬೀಗ" ಎಂದು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಅವಳ ಎದುರೇ ಅನ್ನುತ್ತಿದ್ದರು. ನಾವೂ ನಗುತ್ತಿದ್ದೆವು.

ಟ್ರೈನರ್ ಹುಡುಗಿ ಥೀಮ್ ಬದಲಿಸುವುದು, ಹಿನ್ನೆಲೆಯ ಬಣ್ಣ, ಅಕ್ಷರದ ಗಾತ್ರ ಎಲ್ಲ ಹೇಳಿಕೊಟ್ಟಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅಭ್ಯಾಸಕ್ಕೆ ಪ್ರೊಫೈಲಿನಲ್ಲಿ ಏನಾದರೂ ಹೆಸರಿಟ್ಟುಕೊಳ್ಳಿ, ಒಬ್ಬರ ಬ್ಲಾಗಿಗೆ ಒಬ್ಬರು ಕಾಮೆಂಟ್ ಹಾಕಿ ಎಂದಳು. ಪಿ.ಟಿ. ಮೇಷ್ಟ್ರು ಹುಲಿಯಾದರು, ನಾನು ಸೊನ್ನೆಯಾದೆ. ಬ್ಲಾಗುಗಳೆಲ್ಲ ಹೊರಗಿನವರಿಗೂ ಕಾಣುತ್ತಿದ್ದವು, ಹೆಡ್ ಮೇಡಂ ಶಾಲೆಯ ಪುಟದಲ್ಲಿ ಲಿಂಕ್ ಬೇರೆ ಹಾಕಿಸಿದ್ದರು.

ಎರಡನೆಯ ದಿನ ಬೆಳಿಗ್ಗೆ ಸಿಡಿಲು ಮೇಷ್ಟ್ರ ಬರಹದ ಕೆಳಗೆ ಒಂದು ಕಾಮೆಂಟಿತ್ತು. ಬರೆದವರ ಹೆಸರು ಕೊನೇ ಬೆಂಚು. "ಸರ್, ನಾನು ನಿಮ್ಮ ಹಳೇ ವಿದ್ಯಾರ್ಥಿ. ನೀವು ಹೇಳಿಕೊಟ್ಟದ್ದು ಇನ್ನೂ ಮರೆತಿಲ್ಲ."

ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು. ಆಮೇಲೆ ಇನ್ನೊಂದು ಸಲ ಓದಿದರು. "ನೋಡಿದ್ರಾ? ಮರೆತಿಲ್ವಂತೆ" ಎಂದು ನನ್ನ ಕಡೆ ತಿರುಗಿದ ಆ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮೊದಲು ನೋಡಿರಲಿಲ್ಲ. ಇದು ಪಿ.ಟಿ. ಮೇಷ್ಟ್ರ ಕಿತಾಪತಿ ಎಂದು ನಮಗೆಲ್ಲ ಖಾತ್ರಿಯಿತ್ತು. ಯಾರೂ ಬಾಯಿ ಬಿಡಲಿಲ್ಲ. ಪುಕ್ಕಟೆ ತಮಾಷೆ ಯಾರಿಗೆ ಬೇಡ?

ಅಲ್ಲಿಂದ ಮೇಷ್ಟ್ರು ಆ ಹುಡುಗ ಕುಣಿಸಿದಂತೆ ಕುಣಿದರು. ಅಕ್ಷರ ಚಿಕ್ಕದಾಯಿತು ಎಂದರೆ ದೊಡ್ಡದು ಮಾಡಿದರು. ಹಳದಿ ಚೆನ್ನಾಗಿರುತ್ತದೆ ಎಂದರೆ ಪುಟಕ್ಕೆಲ್ಲ ಹಳದಿ ಬಳಿದರು. ಬಣ್ಣ ಸಾಲದೆ ಟ್ರೈನರ್ ಹುಡುಗಿಯನ್ನು ಕರೆದು, "ಅವನಿಗೆ ಕಣ್ಣಿಗೆ ಹಿತವಾಗ್ಬೇಕಮ್ಮ" ಅಂದರು. ಜೀವಮಾನದಲ್ಲಿ ಯಾವ ಮಗುವಿನ ಹಿತವನ್ನೂ ಕೇಳದ ಮನುಷ್ಯ. ಪಿ.ಟಿ. ಮೇಷ್ಟ್ರು ಕರವಸ್ತ್ರ ಬಾಯಿಗೆ ತುರುಕಿಕೊಂಡು ನಕ್ಕರು. ಡ್ರಾಯಿಂಗ್ ಮೇಡಂ ಮಾತ್ರ ತನ್ನ ಪರದೆ ನೋಡುತ್ತ ಕೂತಿದ್ದಳು.

ಮೂರನೆಯ ದಿನ ಬಂದ ಕಾಮೆಂಟು ಬೇರೆ ಥರದ್ದು. "ಸರ್, ನಿಮ್ಮ ಪಾಠದ ಪುಸ್ತಕದಲ್ಲಿದ್ದ ರಾಜನಿಗೆ ನಾನು ಪೆನ್ಸಿಲಿನಲ್ಲಿ ಕನ್ನಡಕ ಬರೆದಿದ್ದೆ. ನೀವು ಕೊಟ್ಟ ಏಟಿಗೆ ನನ್ನ ಎಡಗಿವಿ ಹೋಯಿತು. ಮನೆಯಲ್ಲಿ ಬಿದ್ದೆ ಅಂತ ಹೇಳಿದೆ. ನಿಮಗೆ ನೆನಪಿದೆಯಾ?"

ಅವತ್ತು ಯಾರೂ ನಗಲಿಲ್ಲ. ಪಿ.ಟಿ. ಮೇಷ್ಟ್ರು ನನ್ನ ಕಿವಿಯಲ್ಲಿ, "ನಾನಲ್ಲ ಮೇಡಂ, ನನ್ನಾಣೆ" ಅಂದರು.

ಸಿಡಿಲು ಮೇಷ್ಟ್ರು ಮೀಸೆ ತಿರುವಿದರು. "ಎಷ್ಟು ಜನಕ್ಕೆ ಹೊಡೆದಿದ್ದೀನಿ, ಯಾವನು ಅಂತ ನೆನಪಿಟ್ಕೊಳ್ಳಲಿ? ಏನು ಬರೀಬೇಕು ಇವನಿಗೆ?"

"ಕ್ಷಮಿಸು ಅಂತ ಬರೀರಿ" ಅಂದೆ.

"ನಾನಾ?" ಎಂದರು. ಆದರೆ ಬರೆದರು. ಬರೆಯದೆ ಬಿಟ್ಟರೆ ಇದ್ದೊಬ್ಬ ವಿದ್ಯಾರ್ಥಿಯೂ ಹೋಗುತ್ತಾನೆ, ಅವನ ಜೊತೆ ಇನ್ನೊಂದು ವರ್ಷವೂ ಹೋಗುತ್ತದೆ ಎಂಬ ಲೆಕ್ಕ ಅವರಿಗೆ ಬಂತು. ಕೊನೇ ಬೆಂಚಿನ ಹುಡುಗನಿಗೆ ಎಂಬ ತಲೆಬರಹ ಹಾಕಿ ಮಧ್ಯಾಹ್ನವೆಲ್ಲ ಒಂದೇ ಬೆರಳಲ್ಲಿ ಟೈಪ್ ಮಾಡಿದರು. ಚೆನ್ನಾಗಿಯೇ ಬರೆದಿದ್ದರು, ಸುಳ್ಳು ಯಾಕೆ ಹೇಳಲಿ. ಮಗೂ, ಈ ಕೈಯನ್ನು ನಾನೇ ಇವತ್ತು ನೋಡಲಾರೆ ಎಂಬ ಸಾಲನ್ನು ನಾನೂ ಎರಡು ಸಲ ಓದಿದೆ. ಹೆಡ್ ಮೇಡಂ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಸರ್ ಬ್ಲಾಗ್ ಅಂದ್ರೆ. ನಿಮ್ಮ ವಿಷಯ ಹೆಚ್ಚುಕಡಿಮೆ ಆಯ್ತು ಅಂದ್ಕೊಳ್ಳಿ" ಅಂದರು.

ಅದರ ಕೆಳಗೆ ಕೊನೇ ಬೆಂಚು ಒಂದೇ ಮಾತು ಬರೆದಿತ್ತು: "ಓದಿದೆ ಸರ್."

ಕೊನೆಯ ದಿನ ಹೆಡ್ ಮೇಡಂ ಆಜ್ಞೆ ಬಂತು. ಹುಲಿ, ಸೊನ್ನೆ ಎಲ್ಲ ಸಾಕು, ಪ್ರೊಫೈಲಿನಲ್ಲಿ ಎಲ್ಲರೂ ತಮ್ಮ ತಮ್ಮ ಹುದ್ದೆ ಹಾಕಿಕೊಳ್ಳಬೇಕು ಎಂದು. ಟ್ರೈನರ್ ಹುಡುಗಿ ಸಿಡಿಲು ಮೇಷ್ಟ್ರ ಬ್ಲಾಗನ್ನೇ ಮಾದರಿಯೆಂದು ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿದ್ದಳು. "ಒಂದು ವಿಷಯ ಗಮನದಲ್ಲಿರ್ಲಿ. ಇಲ್ಲಿ ಹೆಸರು ಬದಲಾಯಿಸಿದ್ರೆ, ನೀವು ಹಿಂದೆ ಹಾಕಿದ ಕಾಮೆಂಟುಗಳಲ್ಲೂ ಹೊಸ ಹೆಸರೇ ಬರುತ್ತೆ. ಬೇಡ ಅನ್ನೋರು ಮೊದ್ಲು ಅವನ್ನ ಅಳಿಸಿಬಿಡಿ" ಅಂದಳು.

ಡ್ರಾಯಿಂಗ್ ಮೇಡಂ ಕತ್ತೆತ್ತಿ ಗೋಡೆ ನೋಡಿದಳು. ಮೇಷ್ಟ್ರನ್ನು ನೋಡಿದಳು. ಬೇಕಾದಷ್ಟು ಹೊತ್ತಿತ್ತು, ಅಳಿಸಬಹುದಿತ್ತು. ಅವಳು ನಿಧಾನವಾಗಿ ಟೈಪ್ ಮಾಡಿ ಗುಂಡಿ ಒತ್ತಿದಳು.

ಟ್ರೈನರ್ ಹುಡುಗಿ ಪುಟವನ್ನು ಹೊಸದಾಗಿ ತೆರೆದಳು. ಕೊನೇ ಬೆಂಚು ಇದ್ದಲ್ಲೆಲ್ಲ ಚಿತ್ರಕಲಾ ಶಿಕ್ಷಕಿ ಎಂದು ಬಂದಿತ್ತು. ಹಳದಿ ಹಿನ್ನೆಲೆಯಲ್ಲಿ, ಮೇಷ್ಟ್ರೇ ದೊಡ್ಡದು ಮಾಡಿದ ಅಕ್ಷರದಲ್ಲಿ.

ಮೇಷ್ಟ್ರು ಗೋಡೆ ನೋಡಿ, ಪಕ್ಕಕ್ಕೆ ತಿರುಗಿದರು. ಏನೋ ಅಂದರು. ಅವಳಿಗೆ ಕೇಳಿಸಲಿಲ್ಲ. ಅವರ ಕಡೆಗಿದ್ದದ್ದು ಅವಳ ಎಡಗಿವಿ. ಅವಳು ಇಡೀ ಮೈ ತಿರುಗಿಸಿ ಬಲಗಿವಿ ಕೊಟ್ಟು, "ಏನಂದ್ರಿ ಸರ್?" ಅಂದಳು.

"ನಾಟಕ ಯಾಕಾಡಿದೆ ಅಂದೆ."

"ನಾಟಕ ಅಲ್ಲ ಸರ್. ಇದೇ ಶಾಲೆ, ಆರನೇ ಕ್ಲಾಸು. ಬರೆದದ್ದೆಲ್ಲ ನಿಜ."

ಈಗ ಎದುರಿಗೇ ಕ್ಷಮಿಸು ಎಂಬ ಆ ಮಾತು ಹೇಳುತ್ತಾರೆ ಎಂದು ನಾವು ಕಾದೆವು. ಅವಳೂ ಕಾದಳು, ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು, ಹೋಂವರ್ಕ್ ತೋರಿಸಲು ನಿಂತ ಮಗುವಿನ ಹಾಗೆ. ಅವಳಿಗೆ ಬೇಕಿದ್ದದ್ದು ಅಷ್ಟೇ. ಗೋಡೆಯ ಮೇಲಿನ ಪತ್ರ ತನಗೆ ಬರೆದದ್ದು ಎಂದು ಒಂದು ಸಲ ಅವರ ಬಾಯಲ್ಲಿ ಬರಬೇಕಿತ್ತು.

"ನಾನು ಬರೆದದ್ದು ನಿನಗಲ್ಲಮ್ಮ" ಅಂದರು ಮೇಷ್ಟ್ರು. "ಆ ಹುಡುಗನಿಗೆ."

"ಆ ಹುಡುಗ ಇಲ್ವಲ್ಲ ಸರ್."

"ಅದಕ್ಕೇ." ಅವರು ಟ್ರೈನರ್ ಕಡೆ ತಿರುಗಿದರು. "ಅಳಿಸೋದು ಹೇಗೆ, ಹೇಳಿಕೊಡಮ್ಮ."

ಹುಡುಗಿ ತಡವರಿಸಿದಳು. "ಸರ್, ಕಾಮೆಂಟ್ ಅಳಿಸ್ಬೇಕಾ?"

"ಎಲ್ಲಾ."

ಅವಳು ತೋರಿಸಿದಳು. ಪಾಪ, ಅವಳ ಕೆಲಸ ಅದೇ ಅಲ್ಲವೇ. ಬಣ್ಣ ಬದಲಿಸಲು ಮೂರು ದಿನ ತಿಣುಕಿದ ಮೇಷ್ಟ್ರು ಇದನ್ನು ಮೊದಲ ಸಲಕ್ಕೇ ಕಲಿತರು. ಬರಹಗಳು ಹೋದವು, ಅವುಗಳ ಜೊತೆ ಕೆಳಗಿನ ಕಾಮೆಂಟುಗಳೂ ಹೋದವು. ಗೋಡೆಯ ಮೇಲೆ ಬರೀ ಹಳದಿ ಉಳಿಯಿತು. ನನ್ನ ಮೈ ಉರಿಯಿತು. ಉರಿದು ಏನು ಬಂತು, ನಾನೂ ಕುರ್ಚಿಗೆ ಅಂಟಿಕೊಂಡೇ ಇದ್ದೆ.

ಸಂಜೆ ಹೆಡ್ ಮೇಡಂ ಬಂದರು. "ಎಲ್ಲಿ ಸರ್ ಆ ಪತ್ರ? ನೋಡೋಕೆ ಬಂದೆ."

ಜಟ್ಟಿ ಜಾರಿಬಿದ್ದರೆ ಅದೂ ಒಂದು ಪಟ್ಟು ಅನ್ನುತ್ತಾರಲ್ಲ. "ಕೈತಪ್ಪಿ ಹೋಯ್ತು ಮೇಡಂ. ವಯಸ್ಸಾಯ್ತು ನೋಡಿ" ಎಂದು ಮೇಷ್ಟ್ರು ನಕ್ಕರು.

"ಅಯ್ಯೋ, ಮತ್ತೆ ಬರೀರಿ ಸರ್. ಮನಸ್ಸಿಂದ ಬಂದದ್ದು ಮರೆಯುತ್ತಾ?"

ಮೇಷ್ಟ್ರು ಅಲ್ಲೇ ಕೂತು ಮತ್ತೆ ಬರೆದರು. ಮಗೂ, ಈ ಕೈಯನ್ನು ನಾನೇ ಇವತ್ತು ನೋಡಲಾರೆ. ಒಂದಕ್ಷರ ಬದಲಾಗಲಿಲ್ಲ. ಪಕ್ಕದಲ್ಲಿ ಡ್ರಾಯಿಂಗ್ ಮೇಡಂ ತನ್ನ ಚೀಲಕ್ಕೆ ಪೆನ್ಸಿಲ್ ಡಬ್ಬಿ ಹಾಕಿಕೊಳ್ಳುತ್ತಿದ್ದಳು. ಹೆಡ್ ಮೇಡಂ ಅವಳ ಎಡಬದಿಯಿಂದ, "ನೀವೂ ಓದಿ ಮೇಡಂ, ತುಂಬ ಚೆನ್ನಾಗಿದೆ" ಎಂದರು. ಅವಳು ತಿರುಗಲಿಲ್ಲ, ಎದ್ದು ಹೋದಳು.

"ಜಂಭ" ಅಂದರು ಮೇಷ್ಟ್ರು. ಆಮೇಲೆ ಸೆಟ್ಟಿಂಗ್ಸ್ ತೆರೆದು, ಕಾಮೆಂಟ್ ಹಾಕಲು ಯಾರಿಗೂ ಅವಕಾಶವಿಲ್ಲ ಎಂಬುದನ್ನು ತಾವೇ ಹುಡುಕಿ, ಆರಿಸಿ, ಉಳಿಸಿದರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.