ಮಳೆಗಾಲದ ಬೀಸಣಿಗೆ

ನೈರೋಬಿಗೆ ವಸಂತ ಬರುವುದಿಲ್ಲ, ಸ್ಪ್ರಿಂಗ್ ಬ್ರೇಕ್ ಮಾತ್ರ ತಪ್ಪದೆ ಬರುತ್ತದೆ. ನನ್ನ ಮಗಳು ಜಾಹ್ನವಿ ಓದುವ ಶಾಲೆಯ ಕ್ಯಾಲೆಂಡರ್ ಯಾವುದೋ ಶೀತದೇಶದ್ದು. ಹೊರಗೆ ಮಳೆ ಹಿಡಿದು, ವೆಸ್ಟ್‌ಲ್ಯಾಂಡ್ಸ್ ರಸ್ತೆಯಲ್ಲಿ ಮಟಾಟು ಎನ್ನುವ ಬಾಡಿಗೆ ವ್ಯಾನುಗಳು ಕಂಡಕಂಡವರ ಮೇಲೆ ಕೆಸರು ಹಾರಿಸುತ್ತಿರುವಾಗ, ಒಳಗೆ ಮಕ್ಕಳು ಹಳದಿ ಕಾಗದ ಕತ್ತರಿಸಿ ತಾವು ಎಂದೂ ನೋಡದ ಹೂವುಗಳನ್ನು ಮಾಡುತ್ತಾರೆ. ಇರಲಿ. ಅದರ ಬಗ್ಗೆ ನನಗೆ ತಕರಾರಿಲ್ಲ, ನನ್ನ ತಕರಾರು ಬೇರೆ.

ರಜೆಗೆ ಮುಂಚೆ ಮಕ್ಕಳು ಮಾಡಿದ್ದನ್ನೆಲ್ಲ ಅಪ್ಪ ಅಮ್ಮಂದಿರಿಗೆ ತೋರಿಸುವ ಕಾರ್ಯಕ್ರಮವಿತ್ತು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಗೋಡೆಯ ಮೇಲೆ ಜಾಹ್ನವಿಯ ಹೆಸರಿನ ಕೆಳಗೆ ಅಚ್ಚುಕಟ್ಟಾದ ಒಂದು ಹೂಬುಟ್ಟಿ. "ಎಷ್ಟ್ ಚೆನ್ನಾಗಿದೆ ಕಂದಾ, ಸೂಪರ್" ಎನ್ನುತ್ತ ಫೋಟೋ ತೆಗೆಯಲು ಫೋನ್ ಎತ್ತಿದೆ.

"ದಟ್ಸ್ ನಾಟ್ ಮೈನ್," ಎಂದಳು ಒಂಬತ್ತು ವರ್ಷದ ನನ್ನ ಮಗಳು, ಮೆಲ್ಲಗೆ.

ಅವಳು ಮಾಡಿದ ಬುಟ್ಟಿ ಸೊಟ್ಟಗಿತ್ತಂತೆ. ಗೋಡೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲ, ಮಗುವಿಗೂ ಬೇಜಾರಾಗಬಾರದು ಅಂತ ಟೀಚರ್ ತಾವೇ ಇನ್ನೊಂದು ಮಾಡಿ ಅಂಟಿಸಿದ್ದರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಟೀಚರ್ ಹತ್ತಿರ ಹೋಗಿ ಎರಡು ಮಾತು ಆಡಿಯೂ ಬಂದೆ, ಅದರಿಂದ ಮೂರು ಕಾಸಿನ ಪ್ರಯೋಜನವಾಗಲಿಲ್ಲ. ಮನೆಗೆ ಬಂದ ಜಾಹ್ನವಿ ತನ್ನ ಕತ್ತರಿ, ಗೋಂದು, ಬಣ್ಣದ ಪೆಟ್ಟಿಗೆ ಎಲ್ಲವನ್ನೂ ಕೆಳಗಿನ ಮನೆಯ ಚಿರಂತ್‌ಗೆ ಕೊಟ್ಟುಬಿಟ್ಟಳು. ಯಾಕೆ ಎಂದು ಕೇಳಿದರೆ ಎರಡೂ ಕೈ ಮುಂದೆ ಚಾಚಿ, "ದೇ ಆರ್ ಬ್ಯಾಡ್ ಹ್ಯಾಂಡ್ಸ್, ಅಮ್ಮ," ಎಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಲೈಟ್ ಕೆಟ್ಟಿದೆ, ನಲ್ಲಿ ಸೋರುತ್ತಿದೆ ಎಂದು ಹೇಳುವ ಹಾಗೆ ಹೇಳಿದ್ದಳು.

ನಾನು, ನನ್ನ ಗಂಡ ಸುಜಯ್ ಇಬ್ಬರೂ ನೌಕರಿಯವರು. ನಾನು ವೆಸ್ಟ್‌ಲ್ಯಾಂಡ್ಸ್‌ನ ಟೆಲಿಕಾಂ ಕಂಪನಿಯಲ್ಲಿ, ಅವರು ಅಪ್ಪರ್ ಹಿಲ್‌ನ ಬ್ಯಾಂಕಿನಲ್ಲಿ. ರಜೆ ಬಂತೆಂದರೆ ನಮ್ಮಂಥವರಿಗೆಲ್ಲ ಮೇಲಿನ ಮಹಡಿಯ ಭಾನುಮತಿ ಆಂಟಿಯೇ ದಿಕ್ಕು. ಮೈಸೂರಿನವರು, ಅವರ ಯಜಮಾನರು ಬಣ್ಣದ ಕಾರ್ಖಾನೆಯೊಂದರ ಮ್ಯಾನೇಜರು. ಬಿಲ್ಡಿಂಗಿನಲ್ಲಿರುವ ಕನ್ನಡದ ಮಕ್ಕಳನ್ನೆಲ್ಲ ಬೆಳಗ್ಗೆ ತಮ್ಮ ಮನೆಯೊಳಗೆ ಸೇರಿಸಿಕೊಂಡರೆ ಸಂಜೆ ಹೊಟ್ಟೆ ತುಂಬಿಸಿ ವಾಪಸು ಕಳಿಸುತ್ತಾರೆ. ಉಪಕಾರ ದೊಡ್ಡದು, ಆದರೆ ಮಾತು ಮುಖಕ್ಕೆ ಹೊಡೆದ ಹಾಗೆ. ನನ್ನ ಅಡುಗೆಯನ್ನು ಇಷ್ಟು ವರ್ಷದಲ್ಲಿ ಒಮ್ಮೆ "ಉಪ್ಪು ಸರಿಯಾಗಿದೆ" ಎಂದು ಹೊಗಳಿದ್ದಾರೆ. ಇಂಥವರ ಕೈಗೆ ಈ ಸಲ ಜಾಹ್ನವಿಯನ್ನು ಒಪ್ಪಿಸುವುದೋ ಬೇಡವೋ ಎಂದು ಹಿಂದೆಮುಂದೆ ನೋಡಿದೆ. ಬೇರೆ ದಾರಿ ಇರಲಿಲ್ಲ. ಬುಟ್ಟಿಯ ಕಥೆಯನ್ನೆಲ್ಲ ಹೇಳಿ ಬಿಟ್ಟುಬಂದೆ.

ಆಂಟಿ ಈ ಸಲ ಹಿಡಿದಿದ್ದು ಬೀಸಣಿಗೆಯ ಹುಚ್ಚು. ರಾಮನವಮಿ ರಜೆಯ ನಡುವೆಯೇ ಬಂದಿತ್ತು. ಊರಲ್ಲಿ ಆ ದಿನ ಪಾನಕ, ಕೋಸಂಬರಿಯ ಜೊತೆ ಬೀಸಣಿಗೆ ಕೊಡುವ ಪದ್ಧತಿ ಉಂಟಲ್ಲ, ಅದನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ಮಕ್ಕಳ ಕೈಯಿಂದಲೇ ಕೊಡಿಸುವುದು ಎಂದರು.

"ಆಂಟಿ, ಇಲ್ಲಿ ಎಲ್ರೂ ಸ್ವೆಟರ್ ಹಾಕ್ಕೊಂಡು ಓಡಾಡ್ತಿದಾರೆ. ಈ ಮಳೇಲಿ ಬೀಸಣಿಗೆ ಯಾರಿಗೆ ಬೇಕು?" ಎಂದೆ.

"ರಾಮನವಮಿಗೆ ನೈರೋಬಿ ವೆದರ್ ಗೊತ್ತಾ? ಬಂದಾಗ ಬರುತ್ತೆ, ಮಾಡೋದು ಮಾಡ್ಬೇಕು," ಎಂದರು. ಮಾತು ಅಲ್ಲಿಗೆ ಮುಗಿಯಿತು.

ಪೇಟೆಯಿಂದ ತಾಳೆಗರಿಯ ಚಾಪೆ ತಂದು, ಊಟದ ತಟ್ಟೆ ಬೋರಲಿಟ್ಟು ಗುಂಡಗೆ ಕತ್ತರಿಸಿದರು. ಇಲ್ಲಿಯ ಹೆಂಗಸರು ಉಡುವ ದಟ್ಟ ಬಣ್ಣದ ಬಟ್ಟೆಯ ಚೂರುಗಳನ್ನು ದರ್ಜಿಯ ಅಂಗಡಿಯಿಂದ ಹೊರಿಸಿಕೊಂಡು ಬಂದರು. ಅಂಚು ಕಟ್ಟಲು ಅದು, ಹಿಡಿಗೆ ಬಿದಿರಿನ ಕಡ್ಡಿ. ಮಕ್ಕಳು ಕೂತುಬಿಟ್ಟವು. ಚಿರಂತ್ ಕನ್ನಡಿ ಚೂರು, ಮಿಂಚು, ಗೊಂಡೆ ಎಲ್ಲ ಅಂಟಿಸಿ ಮದುವೆಮನೆಗೆ ಹೊರಟ ಬೀಸಣಿಗೆ ಮಾಡಿದ. ಜಾಹ್ನವಿ ಕಿಟಕಿ ಪಕ್ಕ ಕೈ ಕಟ್ಟಿಕೊಂಡು ಕೂತಿದ್ದಳು.

ಬೇರೆ ಯಾರಾದರೂ ಆಗಿದ್ದರೆ "ಬಾ ಪುಟ್ಟಿ, ನಿಂಗೂ ಬರುತ್ತೆ" ಎಂದು ಗೋಗರೆಯುತ್ತಿದ್ದರು. ನಾನಂತೂ ಖಂಡಿತ. ಆಂಟಿ ಕರೆಯಲೇ ಇಲ್ಲ. ಮೇಜಿನ ಮೇಲೆ ಒಂದು ಟಿಶ್ಯೂ ಕಾಗದ ಇಟ್ಟು, "ಏ ಹುಡುಗಿ, ನಿಂಗೆ ಕೆಲಸ ಇಲ್ಲ ತಾನೆ? ಒಂದೊಂದೇ ಬೀಸಣಿಗೆ ತಗೊಂಡು ಬೀಸಿ ನೋಡು. ಕಾಗದ ಮೇಜಿಂದ ಕೆಳಗೆ ಬಿದ್ರೆ ಪಾಸು, ಬೀಳ್ದಿದ್ರೆ ಫೇಲು. ಸುಳ್ಳು ಹೇಳ್ಬಾರ್ದು," ಎಂದರು. ಇದನ್ನು ನನಗೆ ಆಮೇಲೆ ಚಿರಂತ್ ಹೇಳಿದ್ದು, ಅದೂ ಅಳುಮುಖ ಮಾಡಿಕೊಂಡು. ಅವನ ಮದುವೆಮನೆ ಬೀಸಣಿಗೆ ಫೇಲಾಗಿತ್ತು. ಕನ್ನಡಿಗಳ ಭಾರಕ್ಕೆ ಬಗ್ಗಿ ಬಗ್ಗಿ, ಕಾಗದ ಅಲುಗಿದ್ದೂ ಇಲ್ಲವಂತೆ.

ಯಾಕೆ ಗಾಳಿ ಬರುತ್ತಿಲ್ಲ ಎನ್ನುವ ಹುಳ ಜಾಹ್ನವಿಯ ತಲೆ ಹೊಕ್ಕಿತು. ಮಾರನೆಯ ದಿನ ಯಾರಿಗೂ ಹೇಳದೆ ಎರಡು ಗುಂಡು ಚಾಪೆ ಎತ್ತಿಕೊಂಡು ಮೂಲೆಗೆ ಹೋದಳಂತೆ.

ಅದರ ಮರುದಿನ ನಾನು ಬೇಗ ಮನೆಗೆ ಬಂದು ನೇರ ಆಂಟಿಯ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ನನ್ನ ಮಗಳು ಕೈಯಲ್ಲಿ ಏನೋ ಹಿಡಿದು ಆಂಟಿಯ ಮುಂದೆ ನಿಂತಿದ್ದಳು. ಬೀಸಣಿಗೆ ಎಂದು ಯಾರಾದರೂ ಹೇಳಿದರೆ ಗೊತ್ತಾಗಬೇಕು. ಒಂದು ಕಡೆ ಅಂಚು ಬಿಟ್ಟುಕೊಂಡಿದೆ, ಹೊಲಿಗೆ ಬೆಟ್ಟ ಹತ್ತಿ ಇಳಿದಿದೆ, ಹಿಡಿ ಒಂದು ಪಕ್ಕಕ್ಕೆ ವಾಲಿದೆ. ಆದರೆ ಅವಳು ಮಾಡಿದ್ದು. ನನ್ನ ಕಣ್ಣು ತುಂಬಿಬಂತು.

ಆಂಟಿ ಅದನ್ನು ತೆಗೆದುಕೊಂಡು ಬೀಸಿದರು. ಕಾಗದ ಅರ್ಧ ಮೇಜು ದಾಟಿ ನಿಂತಿತು.

"ಗಾಳಿ ಸಾಲ್ದು. ಹಿಡಿ ಅಲ್ಲಾಡ್ತಿದೆ. ಬಿಚ್ಚು," ಎಂದರು.

ನನಗೆ ತಡೆಯಲಾಗಲಿಲ್ಲ. "ಆಂಟಿ, ಏನ್ ಹೀಗ್ ಹೇಳ್ತೀರಾ? ಅವಳು ಕೈಯಲ್ಲಿ ಕತ್ತರಿ ಹಿಡಿದಿದ್ದೇ ದೊಡ್ಡದು. ಎಷ್ಟ್ ಚೆನ್ನಾಗಿ ಮಾಡಿದಾಳೆ, ಅದನ್ನ ಹೇಳಿ ಮೊದ್ಲು."

"ಚೆನ್ನಾಗಿಲ್ವಲ್ಲ ಮಧುರಾ," ಎಂದರು ಆಂಟಿ, ನನ್ನ ಕಡೆ ತಿರುಗಿ, ಒಂಚೂರೂ ಬೇಸರವಿಲ್ಲದೆ. "ಚೆನ್ನಾಗಿಲ್ಲ ಅಂತ ಅವಳಿಗೂ ಗೊತ್ತು. ನೀನು ಚೆನ್ನಾಗಿದೆ ಚೆನ್ನಾಗಿದೆ ಅಂತೀಯಲ್ಲ, ಆವಾಗ ಅವಳ ಮುಖ ನೋಡಿದೀಯಾ? ಟೀಚರ್ ಬೇರೆ ಬುಟ್ಟಿ ಅಂಟಿಸಿದ್ರು, ನೀನು ಬೇರೆ ಮಾತು ಅಂಟಿಸ್ತೀಯ. ಅವಳು ಮಾಡಿದ್ದನ್ನ ಯಾರೂ ನೋಡೇ ಇಲ್ಲ."

ಜಾಹ್ನವಿಯ ಕಡೆ ನೋಡಿದೆ. ಅವಳು ಅಳುತ್ತಿರಲಿಲ್ಲ. ಆಗಲೇ ನೆಲದ ಮೇಲೆ ಕೂತು, ನಾಲಿಗೆ ಕಚ್ಚಿಕೊಂಡು, ಹಿಡಿಯ ಹತ್ತಿರದ ದಾರ ಬಿಚ್ಚುತ್ತಿದ್ದಳು. "ಆಂಟಿ, ಟೂ ಸ್ಟಿಕ್ಸ್? ಒನ್ ದಿಸ್ ಸೈಡ್, ಒನ್ ದಟ್ ಸೈಡ್?" ಎಂದು ಕೇಳಿದಳು, ತಲೆ ಎತ್ತದೆ.

"ಹಾಕಿ ನೋಡು. ನಂಗೇನ್ ಗೊತ್ತು, ಗಾಳಿ ಹೇಳುತ್ತೆ," ಎಂದರು ಆಂಟಿ.

ಆ ಹೆಂಗಸನ್ನು ನಾನು ಮನಸಾರೆ ಮೆಚ್ಚಿದ್ದು ಆವತ್ತು. ಸಿಟ್ಟೂ ಇತ್ತು, ಅದು ಬೇರೆ ವಿಷಯ. ಮಕ್ಕಳನ್ನು ಹೊಗಳುವುದಕ್ಕೆ ಏನೂ ಖರ್ಚಿಲ್ಲ. ಆದರೆ ಮಗು ಮಾಡಿದ್ದನ್ನು ಕೈಗೆ ತೆಗೆದುಕೊಂಡು, ದೊಡ್ಡವರು ಮಾಡಿದ್ದನ್ನು ನೋಡುವಷ್ಟೇ ಶ್ರದ್ಧೆಯಿಂದ ನೋಡಿ, ಇಲ್ಲಿ ತಪ್ಪಿದೆ ಎಂದು ಹೇಳುವುದಕ್ಕೆ ಗುಂಡಿಗೆ ಬೇಕು, ಪ್ರೀತಿಯೂ ಬೇಕು. ಆಂಟಿಗೆ ಎರಡೂ ಇತ್ತು, ತೋರಿಸಿಕೊಳ್ಳುವ ಅಭ್ಯಾಸ ಮಾತ್ರ ಇರಲಿಲ್ಲ.

ರಾಮನವಮಿಯ ದಿನ ಬೆಳಗಿನಿಂದ ಮಳೆ. ಬಿಲ್ಡಿಂಗಿನ ಕೆಳಗಿನ ಹಾಲ್‌ನಲ್ಲಿ ಪೂಜೆ ಮುಗಿಸಿ, ಎಲ್ಲರೂ ಶಾಲು ಹೊದ್ದು ಶುಂಠಿ ಹೆಚ್ಚಾಗಿದ್ದ ಪಾನಕ ಕುಡಿದರು. ಮಕ್ಕಳು ಒಬ್ಬೊಬ್ಬರಾಗಿ ಬೀಸಣಿಗೆ ಕೊಟ್ಟರು. "ವಾವ್, ಸೋ ಕ್ಯೂಟ್" ಎನ್ನುತ್ತ ದೊಡ್ಡವರು ತೆಗೆದುಕೊಂಡರು, ಒಬ್ಬರಿಗೊಬ್ಬರು ಬೀಸುವ ಹಾಗೆ ನಟಿಸಿ ಫೋಟೋ ಹೊಡೆಸಿಕೊಂಡರು, ಕೋಸಂಬರಿಯ ತಟ್ಟೆ ಬಂದಾಗ ಬೀಸಣಿಗೆ ಕುರ್ಚಿಯ ಮೇಲಿಟ್ಟು ಹೋದರು. ಚಳಿಯಲ್ಲಿ ಪಾಪ ಅವರಾದರೂ ಏನು ಮಾಡಿಯಾರು? ಚಿರಂತ್‌ನ ಕನ್ನಡಿಯ ಬೀಸಣಿಗೆಯ ಮೇಲೆ ಯಾರೋ ಪಾನಕದ ಲೋಟ ಇಟ್ಟಿದ್ದರು.

ಜಾಹ್ನವಿ ಇದನ್ನೆಲ್ಲ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಅವಳ ಬೀಸಣಿಗೆ ಮೂರು ಸಲ ಬಿಚ್ಚಿ ಕಟ್ಟಿದ್ದು. ಎರಡು ಪದರ ಚಾಪೆ, ಎರಡು ಕಡ್ಡಿ, ದಪ್ಪ ಹೊಲಿಗೆ. ನೋಡಲು ಈಗಲೂ ಮೊರದ ತುಂಡಿನಂತಿತ್ತು, ಆದರೆ ಹಿಂದಿನ ಸಂಜೆ ಕಾಗದವನ್ನು ಮೇಜಿನಿಂದ ಸೋಫಾದವರೆಗೆ ಹಾರಿಸಿತ್ತು. ಆಗ ಆಂಟಿ ಹೇಳಿದ್ದು ಒಂದೇ ಮಾತು, "ಹೂಂ, ಪಾಸು." ಆ ಪಾಸು ಬೀಸಣಿಗೆಯನ್ನು ಮಗಳು ಈಗ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಇದನ್ನೂ ಯಾರಾದರೂ ಕುರ್ಚಿಯ ಮೇಲೆ ಬಿಟ್ಟು ಹೋದರೆ ಅವಳು ಮತ್ತೆ ಸೂಜಿ ಮುಟ್ಟುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ನಂಗೇ ಕೊಡು ಕಂದಾ," ಎಂದೆ.

"ಯು ವೋಂಟ್ ಯೂಸ್ ಇಟ್, ಅಮ್ಮ."

ನಿಜವೇ. ನಾನು ಅದನ್ನು ಗೋಡೆಗೆ ನೇತುಹಾಕುತ್ತಿದ್ದೆ.

ಅಷ್ಟರಲ್ಲಿ ಆಂಟಿ ಬಂದರು. "ಏನೇ, ಇನ್ನೂ ಕೊಟ್ಟಿಲ್ವಾ? ಮನೆಗೆ ವಾಪಸ್ ತಗೊಂಡ್ ಹೋಗೋ ಹಾಗಿಲ್ಲ. ಯಾರಿಗೆ ಬೇಕೋ ನೋಡು, ಅವರಿಗೇ ಕೊಡು."

ಜಾಹ್ನವಿ ಹಾಲ್ ಒಳಗೆ ಒಮ್ಮೆ ಕಣ್ಣಾಡಿಸಿದಳು. ಆಮೇಲೆ ತಿರುಗಿ ಗೇಟಿನ ಕಡೆ ನೋಡಿದಳು, ನೋಡುತ್ತಲೇ ನಿಂತಳು. ಗೇಟಿನ ಹೊರಗೆ ದೊಡ್ಡ ಛತ್ರಿಯ ಕೆಳಗೆ ಜೆನಿಫರ್ ಮೆಕ್ಕೆಜೋಳ ಸುಡುತ್ತಿದ್ದಳು. ನಾವೆಲ್ಲ ಆಫೀಸಿನಿಂದ ಬರುವಾಗ ಅವಳ ಹತ್ತಿರ ನಿಂಬೆ ಖಾರ ಸವರಿದ ಜೋಳ ತಿನ್ನುವವರೇ. ಮಳೆಯ ತೇವಕ್ಕೆ ಇದ್ದಿಲು ಹೊಗೆಯಾಡುತ್ತಿತ್ತು. ಅವಳು ಒಂದು ರಟ್ಟಿನ ತುಂಡಿನಿಂದ ಬೀಸುತ್ತಿದ್ದಳು, ರಟ್ಟು ನೆನೆದು ಜೋತುಬಿದ್ದಿತ್ತು.

ನನ್ನ ಮಗಳು ಮಳೆಯಲ್ಲೇ ಓಡಿದಳು. ಛತ್ರಿ ಹಿಡಿದು ನಾನು ಹಿಂದೆ ಓಡಿದೆ, ನನ್ನ ಹಿಂದೆ ಆಂಟಿ.

"ಜೆನಿಫರ್ ಆಂಟಿ, ಟ್ರೈ ದಿಸ್," ಎಂದು ಜಾಹ್ನವಿ ಬೀಸಣಿಗೆ ಚಾಚಿದಳು. ಜೆನಿಫರ್ ಒಮ್ಮೆ ಬೀಸಣಿಗೆ ನೋಡಿದಳು, ಒಮ್ಮೆ ಹುಡುಗಿಯನ್ನು ನೋಡಿದಳು. "ಸವಾ," ಎಂದು ಒಪ್ಪಿ ತೆಗೆದುಕೊಂಡು ಎರಡು ಸಲ ಬೀಸಿದಳು. ಬೂದಿ ಹಾರಿತು. ಇನ್ನೆರಡು ಸಲ ಬೀಸಿದಳು, ಇದ್ದಿಲು ಒಂದೊಂದಾಗಿ ಕೆಂಪಾಗುತ್ತ ಬಂತು, ಕಿಡಿ ಚಟಪಟ ಎಂದಿತು. ನೆನೆದ ರಟ್ಟನ್ನು ಪಕ್ಕಕ್ಕೆಸೆದು, ಜೋಳ ತಿರುವಿಹಾಕಿ, ಮತ್ತೆ ಬೀಸತೊಡಗಿದಳು. ಚೆನ್ನಾಗಿದೆ ಅನ್ನಲಿಲ್ಲ. ಗಿರಾಕಿಗಳು ಕಾಯುತ್ತಿದ್ದರು, ಅವಳಿಗೆ ಪುರುಸೊತ್ತೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ನಾವಿನ್ನೂ ಅಲ್ಲೇ ನಿಂತಿದ್ದು ನೋಡಿ, "ಅಸಾಂಟೆ," ಎಂದು ಥ್ಯಾಂಕ್ಸ್ ಹೇಳಿ ನಕ್ಕಳು. ಬೀಸುವ ಕೈ ನಿಲ್ಲಲಿಲ್ಲ.

ಜಾಹ್ನವಿ ನೆನೆಯುತ್ತ ಆ ಕೈಯನ್ನೇ ನೋಡುತ್ತಿದ್ದಳು. ಆಂಟಿಯ ಕಡೆ ನೋಡಿದೆ. ಅವರು ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಹೊಗೆ ಎಂದರು. ಇರಬಹುದು.

ರಜೆ ಮುಗಿಯಿತು. ಶಾಲೆ ಶುರುವಾದ ದಿನ ಮಧ್ಯಾಹ್ನ ಜಾಹ್ನವಿಯನ್ನು ಕರೆದುಕೊಂಡು ಬರುವಾಗ ನಮ್ಮ ಗೇಟಿನ ಮುಂದೆಯೇ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡೆವು. ಕಾರಿನ ಕಿಟಕಿಯಿಂದ ಜೆನಿಫರ್ ಕಂಡಳು, ಬೀಸಣಿಗೆಯೂ ಕಂಡಿತು. ಒಂದು ಬದಿ ಪೂರ್ತಿ ಸುಟ್ಟು ಕರ್ರಗಾಗಿದೆ, ಬಟ್ಟೆಯ ಅಂಚು ಅರ್ಧ ಇಲ್ಲ. ಮಗಳು ನೋಡದಿರಲಿ ಎಂದು ಏನೋ ಮಾತು ತೆಗೆದೆ. ಅವಳು ಆಗಲೇ ಗಾಜಿಗೆ ಹಣೆ ಒತ್ತಿ ನೋಡುತ್ತಿದ್ದಳು, ಮುಖ ಗಂಟಿಕ್ಕಿಕೊಂಡು, ಥೇಟ್ ಭಾನುಮತಿ ಆಂಟಿಯ ಹಾಗೆ.

ಮನೆಗೆ ಬಂದವಳು ಬ್ಯಾಗ್ ಎಸೆದು ನೇರ ಮೇಲಿನ ಮಹಡಿಗೆ ಹತ್ತಿದಳು. ಏನಾಯಿತೋ ಎಂದು ನಾನೂ ಹಿಂದೆ ಹೋದೆ. ಆಂಟಿ ಬಾಗಿಲು ತೆಗೆದರು, ಕೈಯಲ್ಲಿ ಸೌಟಿತ್ತು.

"ಏನೇ?"

ನಾವು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಒಂದು ಕ್ಷಣ ಯೋಚಿಸಿ, ಮಾತು ಹುಡುಕಿಕೊಂಡು ಹೇಳಿದಳು.

"ಆಂಟಿ, ಗಾಳಿ ಬರುತ್ತೆ. ಆದ್ರೆ ಅವರ ಕೈ ಸುಡುತ್ತೆ. ಹಿಡಿ ಇನ್ನೂ ಉದ್ದ ಮಾಡ್ಬೇಕು."

ಆಂಟಿ ಬಾಗಿಲು ಪೂರ್ತಿ ತೆರೆದು, "ಕಡ್ಡಿ ಮಂಚದ ಕೆಳಗಿದೆ, ತಗೋ," ಎಂದರು.