ವಿಲೆಮ್‌ನ ಕೊನೆಯ ವಿಮಾನ

ರಾದಿಮ್ ಶವಪೆಟ್ಟಿಗೆಯ ಪಕ್ಕದಲ್ಲಿ ಮಂಡಿಯೂರಿದ್ದನ್ನು ಕಂಡು ಚರ್ಚಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಗೆಳೆಯನಿಗಾಗಿ ಪ್ರಾರ್ಥಿಸುತ್ತಿದ್ದಾನೆ ಅಂದುಕೊಂಡರು. ಅವನು ನೋಡಿದರೆ ಕೋಟಿನ ಜೇಬಿನಿಂದ ಭೂತಗನ್ನಡಿ ತೆಗೆದ. ಹೂಗುಚ್ಛಗಳ ನಡುವೆ ಪುಟ್ಟ ಮೇಜಿನ ಮೇಲೆ ತೀರಿಕೊಂಡ ವಿಲೆಮ್‌ನ ಕೊನೆಯ ಮಾದರಿ ವಿಮಾನ ನಿಂತಿತ್ತು, ಅಂಗೈಯಗಲದ ರೆಕ್ಕೆಗಳ ವೆಲಿಂಗ್ಟನ್ ಬಾಂಬರ್. ಅದಕ್ಕೆ ಮೂಗು ತಾಗುವಷ್ಟು ಬಾಗಿ ಮೂತಿಯಿಂದ ಬಾಲದವರೆಗೆ ಪರೀಕ್ಷಿಸತೊಡಗಿದ. ಪಾದ್ರಿ ಬಂದು ಕೆಮ್ಮಿದರೂ ಏಳಲಿಲ್ಲ.

ಮುಂದಿನ ಬೆಂಚಿನಲ್ಲಿದ್ದ ಬ್ಲಾಝೆನಾಗೆ ನಗು ಒತ್ತರಿಸಿಕೊಂಡು ಬಂತು. ಗಂಡನ ಶವದೆದುರು ನಗುವುದು ಹೇಗೆ? ಕರವಸ್ತ್ರವನ್ನು ಬಾಯಿಗೆ ಅದುಮಿಕೊಂಡಳು. ಅಮ್ಮ ಅಳುತ್ತಿದ್ದಾಳೆಂದು ಮಗಳು ಇವೋನಾ ಬೆನ್ನು ಸವರಿದಳು.

ಕೊನೆಗೆ ರಾದಿಮ್ ಎದ್ದು ಬಂದು ಅವಳ ಪಕ್ಕದಲ್ಲಿ ಕೂತ. ಕಣ್ಣು ತುಂಬಿಕೊಂಡಿದ್ದ.

"ಮೂವತ್ತು ವರ್ಷದಿಂದ ಅವನ ಕೆಲಸ ನೋಡ್ತಾ ಬಂದಿದೀನಿ ಕಣೇ," ಎಂದು ಪಿಸುಗುಟ್ಟಿದ. "ವಿಮಾನದ ಕಿಟಕಿ ಚೌಕಟ್ಟಿಗೆ ಬಣ್ಣ ಹಚ್ಚೋವಾಗ ಗಾಜಿನ ಮೇಲೆ ಚೆಲ್ಲದೇ ಇದ್ದೋನೇ ಅಲ್ಲ. ಇದ್ರಲ್ಲಿ ಒಂದು ಚುಕ್ಕೆ ಆಚೀಚೆ ಇಲ್ಲ. ಕೈ ನಡುಗೋ ಕಾಯಿಲೆ ಇಟ್ಕೊಂಡು ಹೆಂಗೆ ಮಾಡಿದ ಅಂತೀನಿ."

ಅಷ್ಟರಲ್ಲಿ ಆರ್ಗನ್ ಶುರುವಾಯಿತು.

\*\*\*

ವಿಲೆಮ್ ಬಸ್ ಓಡಿಸುತ್ತಿದ್ದವನು. ಬೆಚ್ವಾ ಹೊಳೆಗುಂಟ ಇರುವ ಹಳ್ಳಿಗಳಿಗೆಲ್ಲ ಅವನದೇ ಬಸ್ಸು. ಕೆಲಸ ಮುಗಿಸಿ ಮನೆಗೆ ಬಂದನೆಂದರೆ ಅಡಿಗೆಮನೆಯ ಮೇಜು ಅವನದು. ಸೂಪಿನ ತಟ್ಟೆಗೆ ಅಂಟು, ಬ್ರೆಡ್ಡಿಗೆ ಬಣ್ಣದ ವಾಸನೆ. ಹೊಲಿಗೆ ಕಾರ್ಖಾನೆಯಲ್ಲಿ ದಿನವಿಡೀ ಕೋಟುಗಳಿಗೆ ಕಾಜ ಹೊಲಿದು ಬರುತ್ತಿದ್ದ ಬ್ಲಾಝೆನಾ, ಈ ಪ್ಲಾಸ್ಟಿಕ್ ಸವತಿಯನ್ನು ಯಾವತ್ತಾದರೂ ಒಲೆಗೆ ಹಾಕುತ್ತೇನೆಂದು ಗದರುತ್ತಿದ್ದಳು. ಅವನು ನಕ್ಕು ಮೇಜಿನ ಮೂಲೆಯನ್ನು ಒಂದು ಗೇಣು ಬಿಟ್ಟುಕೊಡುತ್ತಿದ್ದ.

ಕೆಲಸ ಅಷ್ಟೇನೂ ಅಚ್ಚುಕಟ್ಟಲ್ಲ. ಮಾದರಿ ವಿಮಾನ ಕಟ್ಟುವವರ ಕ್ಲಬ್ಬಿನ ಸ್ಪರ್ಧೆಯಲ್ಲಿ ಪ್ರತಿ ವರ್ಷ ರಾದಿಮ್‌ಗೆ ಪದಕ, ಇವನಿಗೆ ಬಿಯರು. "ಈ ಸಲ ಕೊನೆಯಿಂದ ಮೂರನೆಯವನು, ಸುಧಾರಿಸಿದೀನಿ," ಎಂದು ಬಾಗಿಲಲ್ಲೇ ಖುಷಿಯಿಂದ ಸಾರುತ್ತಿದ್ದ.

ವೆಲಿಂಗ್ಟನ್ನಿನ ಬಿಡಿಭಾಗಗಳ ಪೆಟ್ಟಿಗೆಯನ್ನು ಮಾತ್ರ ಕಪಾಟಿನ ಮೇಲಿಟ್ಟು, ಕೈ ಪಳಗಲಿ ಎಂದು ಕಾದ. ಕೈ ಪಳಗುವ ಮೊದಲೇ ನಡುಕ ಬಂತು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅವನು ಪೆಟ್ಟಿಗೆ ಬಿಚ್ಚಿದ. ಬಾಲದ ಬಂದೂಕು, ಅಕ್ಕಿಕಾಳಿಗಿಂತ ತುಸು ಉದ್ದದ್ದು, ಚಿಮಟದಿಂದ ಹಾರಿ ಒಲೆಯ ಅಡಿಗೆ ಹೋಯಿತು. ಎರಡನೆಯದೂ ಅದೇ ದಾರಿ ಹಿಡಿಯಿತು. ವಿಲೆಮ್ ಚಿಮಟ ಕೆಳಗಿಟ್ಟು ಸುಮ್ಮನೆ ಕೂತ. ಅವನು ಹಾಗೆ ಕೂತದ್ದನ್ನು ಬ್ಲಾಝೆನಾ ಅದುವರೆಗೆ ನೋಡಿರಲಿಲ್ಲ. ಪೊರಕೆ ತಂದು ಎರಡನ್ನೂ ಹೊರಗೆಳೆದು, ಊದಿ ಧೂಳು ಹಾರಿಸಿ, ಅವನೆದುರು ಕೂತಳು.

"ಎಲ್ಲಿ ಅಂಟಿಸ್ಬೇಕು, ಹೇಳು."

"ಬೈತೀಯ."

"ಬೈತೀನಿ. ಬೇಗ ಹೇಳು, ಆಲೂಗಡ್ಡೆ ಬೇಯ್ತಾ ಇದೆ."

ಆ ಚಳಿಗಾಲವೆಲ್ಲ ಹಾಗೇ ಕಳೆಯಿತು. ಅವನು ಹೇಳುವುದು, ಇವಳು ಮಾಡುವುದು. ವಿಮಾನದ ಹೊಟ್ಟೆಗೆ ಯಾಕೆ ಕಪ್ಪು ಎಂದು ಅವಳು ಕೇಳಿದ್ದು ಅದೇ ಮೊದಲ ಸಲ. ರಾತ್ರಿ ಹಾರುವಾಗ ಕೆಳಗಿನ ಶತ್ರುಗಳ ದೀಪಕ್ಕೆ ಸಿಗಬಾರದಲ್ಲ, ಎಂದ. ಗರಗಸದ ಮಿಲ್ಲಿನಲ್ಲಿ ಹಲಗೆ ಹೊರುತ್ತಿದ್ದ ಮುದುಕನೊಬ್ಬ ಅವನ ಬಸ್ಸಿಗೆ ಬರುತ್ತಿದ್ದನಂತೆ. ಯುದ್ಧಕಾಲದಲ್ಲಿ ಇಂಗ್ಲೆಂಡಿನಿಂದ ಇಂಥದ್ದರ ಬಾಲದ ಗೂಡಿನಲ್ಲಿ ಕೂತು ಹಾರಿದವನು. ಆಮೇಲೆ ಬಂದ, ಇಂಗ್ಲೆಂಡಿನ ಜೊತೆ ಹಾರಿದವರನ್ನು ಜೈಲಿಗೆ ಹಾಕುತ್ತಿದ್ದ ಕಮ್ಯುನಿಸ್ಟ್ ಸರಕಾರಕ್ಕೆ ಹೆದರಿ ಯಾರೊಂದಿಗೂ ಬಾಯಿಬಿಡದವನು. ಬಸ್ಸು ಖಾಲಿಯಿದ್ದ ದಿನ ಡ್ರೈವರನಿಗೆ ಮಾತ್ರ ಹೇಳುತ್ತಿದ್ದ. ಇಷ್ಟು ವರ್ಷ ಜೊತೆಗೆ ಬಾಳಿದರೂ ಇದೆಲ್ಲ ಬ್ಲಾಝೆನಾಗೆ ಗೊತ್ತೇ ಇರಲಿಲ್ಲ. ಕುಂಚ ಹಿಡಿದವಳು ಮಾತಾಡಬಾರದಲ್ಲ, ಹಾಗಾಗಿ ಕೇಳಿಸಿಕೊಂಡಳು.

ಮುಗಿದ ದಿನ ವಿಲೆಮ್ ಅದನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ.

"ರಾದಿಮ್‌ಗೆ ಹೇಳ್ಬೇಡ," ಎಂದ. "ಒಂದ್ಸಲಾದ್ರೂ ನನ್ನ ಕಂಡು ಹೊಟ್ಟೆ ಉರ್ಕೊಳ್ಲಿ."

\*\*\*

ಮಣ್ಣು ಮಾಡಿ ಬಂದವರೆಲ್ಲ ಪಬ್ಬಿನ ಹಿಂದಿನ ಕೋಣೆಯಲ್ಲಿ ಊಟಕ್ಕೆ ಕೂತರು. ಚರ್ಚಿನಿಂದ ವಿಮಾನವನ್ನೂ ತಂದು ಮೇಜಿನ ನಡುವೆ ಇಟ್ಟರು. ನೂಡಲ್ಸ್ ಹಾಕಿದ ಗೋಮಾಂಸದ ಸಾರು ಬಂತು, ಪ್ಲಮ್ಮಿನ ಸಾರಾಯಿ ಬಂತು. ಶವಯಾತ್ರೆಗೆ ನುಡಿಸಿದ ವಾದ್ಯದವರೂ ಬೆಲ್ಟು ಸಡಿಲಿಸಿ ಬೆಂಚಿಗೆ ಸೇರಿಕೊಂಡರು. ಪಾಪ, ಒಳ್ಳೆಯವನು ಎಂದು ಶುರುವಾದ ಮಾತು ಬೇಗನೆ ನಗೆಗೆ ತಿರುಗಿತು. ಹಿಮ ಬಿದ್ದು ರಸ್ತೆ ಕಟ್ಟಿದಾಗ ಮದುವೆಯ ದಿಬ್ಬಣವನ್ನು ವಿಲೆಮ್ ಬಸ್ಸಿನಲ್ಲೇ ಕುಣಿಸಿದ ಕತೆಯನ್ನು ಇಬ್ಬರು ಎರಡು ಥರ ಹೇಳಿದರು. ಬ್ಲಾಝೆನಾ ಇಬ್ಬರನ್ನೂ ತಿದ್ದಿದಳು.

ಆಗ ರಾದಿಮ್ ಎದ್ದು ನಿಂತ. ವಿಮಾನವನ್ನು ಪುರಭವನದ ಗಾಜಿನ ಕಪಾಟಿನಲ್ಲಿ ಇಡಲು ಕ್ಲಬ್ಬು ತೀರ್ಮಾನಿಸಿದೆ, ಕೆಳಗೆ ವಿಲೆಮ್‌ನ ಹೆಸರು ಇರುತ್ತದೆ ಎಂದ. ಎಲ್ಲರೂ ಮೇಜು ಬಡಿದರು. ತಾನು ಗೆದ್ದ ಪದಕಗಳನ್ನೆಲ್ಲ ಕೂಡಿಸಿದರೂ ಇದಕ್ಕೆ ಸಮವಲ್ಲ ಎಂದ. ಬ್ಲಾಝೆನಾ ತಟ್ಟೆ ನೋಡುತ್ತ ತುಟಿ ಕಚ್ಚಿಕೊಂಡಳು. ಗೆದ್ದೆ ಕಣೋ, ಎಂದು ಒಳಗೊಳಗೇ ಗಂಡನಿಗೆ ಹೇಳಿದಳು.

"ಯೋಚ್ನೆ ಮಾಡಿ," ಎಂದ ರಾದಿಮ್. "ಆ ಕಾಯಿಲೆ, ಆ ಚಳಿ. ಅಡಿಗೆಮನೇಲಿ ಒಬ್ಬನೇ ಕೂತು ಮಾಡಿದಾನೆ. ಒಬ್ಬನೇ."

ಬ್ಲಾಝೆನಾ ಚಮಚ ಕೆಳಗಿಟ್ಟಳು. ಹೆಸರು ಅವನದೇ ಇರಲಿ, ಹೊಗಳಿಕೆಯೂ ಇರಲಿ. ಆದರೆ ಒಬ್ಬನೇ ಎಂಬ ಮಾತು ಎಲ್ಲೋ ಚುಚ್ಚಿತು. ಇವೋನಾ ಆ ಮಾತಿಗೇ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಅದೇ ಹೊತ್ತಿಗೆ ವಾದ್ಯದವರಲ್ಲಿ ಟ್ರೊಂಬೋನ್ ಊದುವವನು ಹತ್ತಿರದಿಂದ ನೋಡೋಣವೆಂದು ಮೇಜಿನ ಮೇಲೆ ಬಾಗಿದ. ತೋಳಿನ ಗುಂಡಿ ಸಿಕ್ಕಿಕೊಂಡು, ವಿಮಾನದ ಬೆನ್ನಿನ ಕಂಬದಿಂದ ಬಾಲಕ್ಕೆ ಬಿಗಿದಿದ್ದ ರೇಡಿಯೋ ತಂತಿ ಪಟ್ಟನೆ ಕಿತ್ತು ಬಂತು.

ರಾದಿಮ್ ಚಿಮಟ ತೆಗೆದನಾದರೂ ಸಾರಾಯಿ ಕುಡಿದಿದ್ದ ಅವನ ಕೈ ಅತ್ತಿತ್ತ ಓಲಾಡಿತು. ಕ್ಲಬ್ಬಿನ ಉಳಿದವರು ತಮ್ಮ ತಮ್ಮ ಗ್ಲಾಸುಗಳನ್ನು ನೋಡಿಕೊಂಡು ಹಿಂದೆ ಸರಿದರು.

"ಕೊಡು ಇಲ್ಲಿ," ಎಂದಳು ಬ್ಲಾಝೆನಾ.

ಪಬ್ಬಿನವನ ಹತ್ತಿರ ಅಂಟು ತರಿಸಿದಳು. ಕನ್ನಡಕ ಏರಿಸಿಕೊಂಡಳು. ಕಪ್ಪು ಹ್ಯಾಟನ್ನು ತೆಗೆದು ಮಗಳ ಮಡಿಲಿಗಿಟ್ಟು, ನೆತ್ತಿಯಿಂದ ಉದ್ದನೆಯ ನರೆಗೂದಲೊಂದನ್ನು ಹಿಡಿದು ಕಿತ್ತಳು.

"ಅಮ್ಮಾ, ಏನಿದು?"

"ತಂತಿ. ನಿಮ್ಮಪ್ಪ ಹೇಳಿಕೊಟ್ಟದ್ದು." ಕೂದಲ ತುದಿಯನ್ನು ಅಂಟಿಗೆ ಅದ್ದುತ್ತ ರಾದಿಮ್‌ನ ಕಡೆ ನೋಡಿದಳು. "ಅವನು ಒಬ್ಬನೇ ಕೂತಿರ್ಲಿಲ್ಲ ಕಣೋ. ಹೊಟ್ಟೆ ಉರ್ಕೊಳ್ಳೋದಿದ್ರೆ ನಮ್ಮಿಬ್ಬರನ್ನೂ ಕಂಡು ಉರ್ಕೋ."

ರಾದಿಮ್ ಅವಳ ಕೈಯನ್ನು ನೋಡಿದ, ವಿಮಾನದ ಕಿಟಕಿಯ ಚೌಕಟ್ಟುಗಳನ್ನು ನೋಡಿದ, ಮತ್ತೆ ಅವಳ ಕೈಯನ್ನು ನೋಡಿದ. ಮೆಲ್ಲನೆ ದೀಪವನ್ನು ಅವಳ ಕಡೆಗೆ ಸರಿಸಿದ.

ಬ್ಲಾಝೆನಾ ಉಸಿರು ಬಿಗಿಹಿಡಿದು ಬಾಗಿದಳು. ಬೆಂಚುಗಳಲ್ಲಿ ಯಾರೂ ಮಿಸುಕಲಿಲ್ಲ. ಗ್ಲಾಸುಗಳಲ್ಲಿ ಬಿಯರಿನ ನೊರೆ ಇಳಿಯುತ್ತಿತ್ತು. ಟ್ರೊಂಬೋನಿನವನು ಎರಡೂ ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡು ಕೂತಿದ್ದ.