ಕೆಂಪು ಬೊಟ್ಟಿನ ಮುಚ್ಚಳ

ಜಾಡಿ ಬಿದ್ದ ಸದ್ದು ಕೇಳಿದರೂ ದುರುಗಕ್ಕ ತಿರುಗಿ ನೋಡಲಿಲ್ಲ. ನೋಡದಿದ್ದರೆ ಇನ್ನೂ ಒಡೆದಿಲ್ಲ ಎಂಬಂತೆ, ಹೊಲಿಯಲು ತಂದ ಜೀನ್ಸ್ ಪ್ಯಾಂಟುಗಳ ಗಂಟನ್ನು ತಬ್ಬಿಕೊಂಡೇ ನಿಂತಳು. ಎಷ್ಟು ಹೊತ್ತು ನಿಲ್ಲಲಾದೀತು? ತಿರುಗಿದರೆ ಪಿಂಗಾಣಿ ಜಾಡಿ ಮೂರು ಹೋಳಾಗಿ ಅಂಗಳದಲ್ಲಿ ಬಿದ್ದಿತ್ತು. ತೊಳೆದು ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟವಳೂ ಅವಳೇ, ಗಂಟು ತಗುಲಿಸಿ ಕೆಡವಿದವಳೂ ಅವಳೇ. ಬೈಯೋಣವೆಂದರೆ ಬೇರೆ ಯಾರೂ ಇಲ್ಲ. ಅದೊಂದು ಸಂಕಟ ಬೇರೆ.

ಜಾಡಿ ಪಕ್ಕದ ಮನೆ ತ್ರಿವೇಣಿಯದು. ಅವಳದೂ ಅಲ್ಲ, ತೀರಿಹೋದ ಅವಳ ಅವ್ವನದು. ಮದುವೆ ಮನೆಯಲ್ಲಿ ಹತ್ತು ಮನೆಯ ಸಾಮಾನು ಸೇರಿದಾಗ ಗುರುತು ಸಿಗಲಿ ಎಂದು ಆ ತಾಯಿ ಮುಚ್ಚಳದ ಮೇಲೆ ಕೆಂಪು ಪೇಂಟಿನ ಬೊಟ್ಟು ಇಟ್ಟಿದ್ದಳು. ದುರುಗಕ್ಕನ ನಿಂಬೆಕಾಯಿ ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೆಡುತ್ತದೆಂದು ತ್ರಿವೇಣಿಯೇ ಅದನ್ನು ತಂದುಕೊಟ್ಟಿದ್ದಳು, ಒಳಗೆ ಒಂದು ಹಿಡಿ ಹುರಿಗಡಲೆ ಹಾಕಿ. ಈ ಎರಡು ಮನೆಗಳ ನಡುವೆ ಹನ್ನೆರಡು ವರ್ಷದಲ್ಲಿ ಯಾವ ಪಾತ್ರೆಯೂ ಖಾಲಿ ಹೋದದ್ದಿಲ್ಲ, ಖಾಲಿ ಬಂದದ್ದಿಲ್ಲ. ಏನೂ ಇಲ್ಲದ ದಿನ ಚಿಟಿಕೆ ಸಕ್ಕರೆಯಾದರೂ ಇರುತ್ತಿತ್ತು.

ಅಂದು ಶನಿವಾರ. ತ್ರಿವೇಣಿ ನೇಮಕಲ್ಲಿನ ಆಂಜನೇಯನ ಗುಡಿಗೆ ಹೋಗಿದ್ದಳು. "ಸಂಜೀಕ ಬಂದು ಜಾಡಿ ಒಯ್ತೀನಕ್ಕ, ನಾಳೆ ನಾನೂ ಉಪ್ಪಿನಕಾಯಿ ಹಾಕಬೇಕು," ಎಂದು ಹೇಳಿಯೇ ಬಸ್ಸಿಗೆ ಓಡಿದ್ದಳು.

ಗಂಡ ಪಾಲಯ್ಯ ಹೊರಗೆ ಬಂದು ಹೋಳು ನೋಡಿದ. "ಒಡೀತು ಅಂತ ಹೇಳಿಬಿಡು, ಅಷ್ಟ. ಅಕಿ ನಿನ್ನ ಏನು ನುಂಗತಾಳೇನು?"

"ನಿಮಗೇನ್ರಿ ಗೊತ್ತು! ಅವರವ್ವನ ಗುರ್ತು ಅಂತ ಇದ್ದದ್ದು ಅದೊಂದ. ಯಾವ ಮಕ ಇಟಗೊಂಡು ಹೇಳ್ಲಿ ನಾ?"

ಹೋಳುಗಳನ್ನು ಚೀಲಕ್ಕೆ ತುಂಬಿ ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಕಟ್ಟಿಗೆಯ ಹಿಂದೆ ತುರುಕಿದಳು. ಮುಚ್ಚಳ ಮಾತ್ರ ಮನೆಯೊಳಗಿತ್ತು, ಪುಣ್ಯಕ್ಕೆ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ರಾಯದುರ್ಗದ ಪೇಟೆಗೆ ಹೊರಟಳು. ನಡೆದಳು ಎನ್ನುವುದಕ್ಕಿಂತ ಓಡಿದಳು. ಮೂರು ಅಂಗಡಿ ಹತ್ತಿಳಿದರೆ ಬರೀ ಸ್ಟೀಲು, ಪ್ಲಾಸ್ಟಿಕ್ಕು. ನಾಲ್ಕನೆಯದು ತಿಪ್ಪೇಸ್ವಾಮಿಯ ಹಳೇ ಪಾತ್ರೆ ಅಂಗಡಿ.

"ಏಮಮ್ಮಾ, ಈ ಕಾಲದಾಗ ಜಾಡಿ ಯಾರು ಕೇಳ್ತಾರ?" ಎನ್ನುತ್ತಲೇ ಮುದುಕ ಅಟ್ಟಕ್ಕೆ ಏಣಿ ಹಾಕಿ, ದೂಳು ಹಿಡಿದ ಒಂದನ್ನು ಇಳಿಸಿದ. ಅದೇ ಅಳತೆ, ಅದೇ ಕಂದು ಕತ್ತು, ಅದೇ ಬಿಳಿ ಹೊಟ್ಟೆ. ದುರುಗಕ್ಕನಿಗೆ ಹೋದ ಜೀವ ಬಂದಂತಾಯಿತು. "ಇದರ ಮುಚ್ಚಳ ಇದಕ್ಕ ಸರಿ ಕೂಡ್ತೈತಿ. ಆ ಹಳೇದು ಯಾಕ ಹಿಡಕೊಂಡಿ?" ಎಂದು ಅವನು ಕೇಳಿದ. ಅವಳು ದುಡ್ಡು ಎಣಿಸಿ ಕೊಟ್ಟು ಜಾಡಿ ಎತ್ತಿಕೊಂಡಳು.

ಮನೆಗೆ ತಂದರೆ ಆ ಹಾಳು ಜಾಡಿ ಮದುಮಗನ ಹಾಗೆ ಮಿರಮಿರ ಮಿಂಚುತ್ತಿತ್ತು. ಬೂದಿ ಹಾಕಿ ತಿಕ್ಕಿದಳು. ಎಣ್ಣೆ ಖಾರದಪುಡಿ ಕಲಸಿ ಒಳಗೆ ಸವರಿದಳು, ತನ್ನ ಉಪ್ಪಿನಕಾಯಿಯನ್ನೇ ತುಂಬಿದಳು. ಹೊಸ ಮುಚ್ಚಳ ಅಕ್ಕಿ ಡಬ್ಬದ ಹಿಂದೆ ಹೋಯಿತು. ಕೆಂಪು ಬೊಟ್ಟಿನದನ್ನೇ ಇಡಬೇಕಲ್ಲ! ಇಟ್ಟರೆ ಅದು ಕೂರಲೊಲ್ಲದು, ಗಡಗಡ ಅಲ್ಲಾಡುತ್ತದೆ. ಬಟ್ಟೆಯ ಚೂರು ಸುತ್ತಿ ಬಿಗಿಯಾಗಿ ಕಟ್ಟಿದಳು. ಪಾಪ, ತ್ರಿವೇಣಿಯ ಮನಸ್ಸು ನೋಯದಿರಲಿ ಅಂತ ತಾನೇ ಇದೆಲ್ಲ, ಎಂದು ಹತ್ತು ಸಲ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ತನ್ನ ಮಾನದ ಚಿಂತೆ.

ಸಂಜೆ ತ್ರಿವೇಣಿ ಹಣೆ ತುಂಬ ಸಿಂಧೂರ ಹಚ್ಚಿಕೊಂಡು ಬಂದಳು. ತೆಂಗಿನಕಾಯಿ ಹೋಳು ಕೈಗಿಟ್ಟು, "ನಿನ್ನ ಹೆಸರಲ್ಲೂ ಕಾಯಿ ಒಡಿಸೀನಕ್ಕ," ಎಂದಳು. ಜಾಡಿ ತುಂಬಿದೆ ಎಂದು ತಿಳಿದು ಖುಷಿಯಾಗಿ, ವಾಸನೆ ನೋಡಲು ಅಲ್ಲೇ ಕೂತು ಬಟ್ಟೆ ಬಿಚ್ಚಿದಳು. ಮುಚ್ಚಳ ಗಡಗಡ ಎಂದಿತು. ಹೆಬ್ಬೆರಳಿಟ್ಟು ಇನ್ನೊಮ್ಮೆ ಅಲ್ಲಾಡಿಸಿದಳು. ಜಾಡಿ ನೋಡಿದಳು, ದುರುಗಕ್ಕನ ಮುಖ ನೋಡಿದಳು.

"ಏನಾರ ಆತೇನಕ್ಕ?" ಎಂದು ಮೆಲ್ಲಗೆ ಕೇಳಿದಳು.

ಹೇಳಬಹುದಿತ್ತು. "ಏನಾಕ್ಕೈತಿ? ನಿಮ್ಮವ್ವನ ಜಾಡಿ, ಕಲ್ಲಿದ್ದಂಗ ಐತಿ ನೋಡು," ಎಂದುಬಿಟ್ಟಳು ದುರುಗಕ್ಕ.

"ಹೌದಲ್ಲ," ಎಂದಳು ತ್ರಿವೇಣಿ. ಜಾಡಿ ಎತ್ತಿಕೊಂಡು ಹೋದಳು.

ಭಾನುವಾರ ಇಡೀ ದಿನ ದುರುಗಕ್ಕ ಕೂತಲ್ಲಿ ಕೂರಲಿಲ್ಲ. ಮಿಶನ್ನಿನ ಎರಡು ಸೂಜಿ ಮುರಿದಳು, ಜಿಪ್ಪನ್ನು ಉಲ್ಟಾ ಹೊಲಿದಳು. ನಡುವಿನ ಗೋಡೆಗೆ ಕಿವಿಯಿಟ್ಟರೆ ಆಚೆ ಬರೀ ನಲ್ಲಿಯ ಸದ್ದು. ಹೋಗಿ ಹೇಳಿಬಿಡಲೇ ಎಂದು ಎರಡು ಸಲ ಚಪ್ಪಲಿ ಮೆಟ್ಟಿ ಎರಡು ಸಲವೂ ಬಿಟ್ಟಳು.

ಸೋಮವಾರ ಬೆಳಿಗ್ಗೆ ತ್ರಿವೇಣಿಯೇ ಬಂದಳು. ಹೊಸ್ತಿಲು ದಾಟಲಿಲ್ಲ.

"ಜಾಡಿ ತಗೊಳ್ರಿ, ದುರುಗಕ್ಕ."

ಹನ್ನೆರಡು ವರ್ಷ ಕೊಡು, ತಗೋ, ಬಾ ಎಂದ ಬಾಯಿ ಅದು. 'ತಗೊಳ್ರಿ' ಎಂದು ದಾರಿಹೋಕರಿಗೆ ಅನ್ನುತ್ತಾರೆ.

"ಅವ್ವನ ಜಾಡಿ ಹೋಳು ಎಲ್ಲಿ ಹಾಕೀರಿ?" ತ್ರಿವೇಣಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ದುರುಗಕ್ಕ ನುಗ್ಗೆಮರದ ಬುಡದಿಂದ ಚೀಲ ತಂದು ಕೊಟ್ಟಳು. "ಬೇಕಂತ ಮಾಡ್ಲಿಲ್ಲವ್ವ, ಕೈತಪ್ಪಿ..." ಎಂದಳು.

"ಗೊತ್ರಿ. ಬಿದ್ದಿದ್ದು ಜಾಡಿ, ಒಡೀತು. ಅದಕ್ಕ ನಾ ಏನಂತಿದ್ದೆ?" ಎಂದು ತ್ರಿವೇಣಿ ಚೀಲವನ್ನು ಸೆರಗಿನ ಮರೆಗೆ ಹಿಡಿದು ಹೊರಟುಹೋದಳು.

ದುರುಗಕ್ಕ ಅಲ್ಲೇ ಕೂತು ಜಾಡಿಯೊಳಗೆ ಕೈ ಹಾಕಿದಳು. ತ್ರಿವೇಣಿ ಅದನ್ನು ತೊಳೆದು ಒರೆಸಿ ಒಣಗಿಸಿದ್ದಳು. ತಳದ ಸುತ್ತ ಬೆರಳಾಡಿಸಿದಳು, ಮತ್ತೊಮ್ಮೆ ಆಡಿಸಿದಳು. ಒಂದು ಕಾಳು ಸಕ್ಕರೆಯೂ ಇರಲಿಲ್ಲ. ಕೆಂಪು ಬೊಟ್ಟಿನ ಮುಚ್ಚಳವೂ ಬಂದಿರಲಿಲ್ಲ. ಎದ್ದು ಹೋಗಿ ಅಕ್ಕಿ ಡಬ್ಬದ ಹಿಂದಿನ ಹೊಸ ಮುಚ್ಚಳ ತಂದು ಅದರ ಮೇಲಿಟ್ಟಳು. ಅದು ಸದ್ದಿಲ್ಲದೆ ಸರಿಯಾಗಿ ಕೂತುಕೊಂಡಿತು.